ಕಾರು ನೋಡೋಕೆ ಮುಂಚೆ ಗೋಡೆ ನೋಡಿ

ಮಂಡ್ಯದಲ್ಲಿ ಇಪ್ಪತ್ತಾರು ವರ್ಷದಿಂದ ವೈರಿಂಗ್ ಕೆಲಸ ಮಾಡಿಕೊಂಡಿದ್ದೇನೆ. ಮರದ ಪಟ್ಟಿ ಮೇಲೆ ವೈರ್ ಎಳೆಯುತ್ತಿದ್ದ ಕಾಲದಲ್ಲಿ ಕೈಹಾಕಿದವನು. ಬೋರ್‌ವೆಲ್ ಸ್ಟಾರ್ಟರ್, ಆಲೆಮನೆ ಮೋಟಾರು, ಕಲ್ಯಾಣಮಂಟಪದ ಜನರೇಟರು, ಎಲ್ಲ ಆಗಿದೆ. ಈಗ ನಾಲ್ಕೈದು ವರ್ಷದಿಂದ ಹೊಸ ಥರದ ಫೋನು ಶುರುವಾಗಿದೆ: "ಅಣ್ಣ, ಕರೆಂಟ್ ಕಾರ್ ತಗಂಡಿವ್ನಿ, ಒಂದು ಪಾಯಿಂಟ್ ಹಾಕ್ಕೊಡಿ." ಸಂತೋಷ, ಹಾಕಿಕೊಡುತ್ತೇನೆ. ಆದರೆ ಹತ್ತರಲ್ಲಿ ಎಂಟು ಜನ ಕಾರು ಮನೆ ಮುಂದೆ ಬಂದು ನಿಂತು, ನಿಂಬೆಹಣ್ಣು ಚಕ್ರಕ್ಕೆ ಸಿಕ್ಕಿ ಅಪ್ಪಚ್ಚಿಯಾದ ಮೇಲೆ ಫೋನ್ ಮಾಡುತ್ತಾರೆ. ಒಂದು ತಿಂಗಳು ಮುಂಚೆ ಮಾಡಿದ್ದರೆ ಕೆಲವರಿಗೆ "ಈ ಕಾರು ಬೇಡ, ಆ ಕಾರು ತಗೊಳ್ಳಿ" ಅನ್ನುತ್ತಿದ್ದೆ. ಇನ್ನು ಕೆಲವರಿಗೆ "ಕರೆಂಟ್ ಕಾರೇ ಬೇಡ, ಹೈಬ್ರಿಡ್ ತಗೊಳ್ಳಿ" ಅನ್ನುತ್ತಿದ್ದೆ (ಪೆಟ್ರೋಲ್ ಇಂಜಿನ್ನೂ ಕರೆಂಟ್ ಮೋಟಾರೂ ಎರಡೂ ಇರುವ ಗಾಡಿ). ಇದು ಆ ಒಂದು ತಿಂಗಳು ಮುಂಚೆ ಇರುವವರಿಗೆ ಬರೆದದ್ದು.

ನನ್ನ ಬಳಿಯೂ ಒಂದು ಎಲೆಕ್ಟ್ರಿಕ್ ಕಾರಿದೆ, ಸೆಕೆಂಡ್ ಹ್ಯಾಂಡ್. ಕಂಪನಿ ಹೆಸರು ಬೇಡ, ಹೊಗಳಿದರೂ ಕಷ್ಟ ಬೈದರೂ ಕಷ್ಟ.

ಗೋಡೆಯಿಂದ ಶುರು

ಸುಭಾಷ್‌ನಗರದ ಒಂದು ಮನೆ. ಕಾರು ಬಂದು ಮೂರು ದಿನ, ಚಾರ್ಜ್ ಆಗುತ್ತಿಲ್ಲ. ಗಾಡಿ ಜೊತೆ ಕೊಟ್ಟ ಚಾರ್ಜರನ್ನು ಪವರ್ ಪ್ಲಗ್ಗಿಗೆ ಹಾಕಿದರೆ ಕೆಂಪು ಲೈಟು ಮಿಟುಕುತ್ತದೆ. ಶೋರೂಮಿನವರು ಮನೆ ಸರಿಯಿಲ್ಲ ಅನ್ನುತ್ತಾರೆ, ಮನೆಯವರು ಕಾರು ಸರಿಯಿಲ್ಲ ಅನ್ನುತ್ತಾರೆ. "ಅದೇ ಪ್ಲಗ್ಗಲ್ಲಿ ಗೀಸರ್ ಓಡ್ತದೆ, ಇಸ್ತ್ರಿಪೆಟ್ಟಿಗೆ ಓಡ್ತದೆ, ಇದಕ್ಕೇನು ದಾಡಿ?" ಅಂತ ಯಜಮಾನರು ಕೂಗಾಡುತ್ತಿದ್ದರು.

ನನ್ನ ಚೀಲದಲ್ಲಿ ಒಂದು ಹೋಲ್ಡರು, ಅದಕ್ಕೆ ಹಳೇ ಕಾಲದ 100 ವ್ಯಾಟ್ ಬಲ್ಬು, ಎರಡು ವೈರು ಸದಾ ಇರುತ್ತವೆ. ಫೇಸಿಗೂ ನ್ಯೂಟ್ರಲ್ಲಿಗೂ ಕೊಟ್ಟೆ, ಬಲ್ಬು ಧಗ್ಗನೆ ಹತ್ತಿತು. ಫೇಸಿಗೂ ಅರ್ಥಿಂಗಿಗೂ ಕೊಟ್ಟೆ. ಆರಲಿಕ್ಕೆ ಬಂದ ಊದುಬತ್ತಿಯ ತುದಿ ಇರುತ್ತದಲ್ಲ, ಅಷ್ಟು ಕೆಂಪು, ಅಷ್ಟೇ. ಅರ್ಥ್ ವೈರ್ ಹಿಡಿದುಕೊಂಡು ಹೋದೆ. ಮೀಟರ್ ಬೋರ್ಡಿನಿಂದ ಇಳಿದು ಕಾಂಪೌಂಡಿನ ಮೂಲೆಗೆ ಹೋಗಿ ಟೈಲ್ಸ್ ಕೆಳಗೆ ಮಾಯವಾಗಿತ್ತು. ಕಾರು ಬರುತ್ತದೆ ಅಂತಲೇ ಹೋದ ತಿಂಗಳು ಅಂಗಳಕ್ಕೆಲ್ಲ ಟೈಲ್ಸ್ ಹಾಕಿಸಿದ್ದರು. ಅರ್ಥಿಂಗ್ ಗುಂಡಿಗೆ ಒಂದು ತೊಟ್ಟು ನೀರು ಇಳಿಯುವ ದಾರಿಯೂ ಇರಲಿಲ್ಲ. ಒಂದು ಟೈಲ್ ಎಬ್ಬಿಸಿ ಪೈಪಿನ ಬಾಯಿಗೆ ಆರು ಬಿಂದಿಗೆ ನೀರು ಸುರಿದೆವು. ಕಾಲು ಗಂಟೆ ಬಿಟ್ಟು ಬಲ್ಬು ಹಿಡಿದರೆ ಪರವಾಗಿಲ್ಲ ಅನ್ನುವಂತೆ ಉರಿಯಿತು. ಚಾರ್ಜರ್ ಹಾಕಿದರೆ ಹಸಿರು. ಯಜಮಾನರು ಕಾರಿಗೂ ನನಗೂ ಒಟ್ಟಿಗೆ ಕಾಫಿ ತರಿಸುವವರಂತೆ ಕಾಣುತ್ತಿದ್ದರು.

(ಈ ಬಲ್ಬಿನ ಪರೀಕ್ಷೆಯನ್ನು ನೀವು ಮಾಡಲು ಹೋಗಬೇಡಿ. ಲೈಸೆನ್ಸ್ ಇರುವ ವೈರ್‌ಮನ್ ಕೈಲಿ ಮಾಡಿಸಿ, ಇನ್ನೂರು ಮುನ್ನೂರು ಕೇಳುತ್ತಾನೆ.)

ಗೀಸರಿಗೂ ಇಸ್ತ್ರಿಪೆಟ್ಟಿಗೆಗೂ ಅರ್ಥಿಂಗ್ ಇಲ್ಲದಿದ್ದರೂ ಓಡುತ್ತವೆ, ಶಾಕ್ ಹೊಡೆದರೆ ನಿಮ್ಮ ಹಣೆಬರಹ. ಕಾರಿನ ಚಾರ್ಜರ್ ಹಾಗಲ್ಲ. ಅದು ಮೊದಲು ಅರ್ಥಿಂಗ್ ಇದೆಯಾ ಅಂತ ತಾನೇ ನೋಡುತ್ತದೆ, ಇಲ್ಲದಿದ್ದರೆ ಕರೆಂಟನ್ನೇ ಬಿಡುವುದಿಲ್ಲ. ಅದು ಕೆಟ್ಟದ್ದಲ್ಲ, ಮಳೆಯಲ್ಲಿ ನೆನೆದ ಕೈಯಲ್ಲಿ ಕಾರಿನ ಬಾಗಿಲು ಮುಟ್ಟುವವರು ನೀವು. ಮಾರನೇ ದಿನ ಆ ಮನೆಗೆ ಹೊಸದಾಗಿ ಎಂಟಡಿ ಗುಂಡಿ ತೋಡಿ, ಜಿ.ಐ. ಪೈಪು ಇಳಿಸಿ, ಇದ್ದಿಲು ಉಪ್ಪು ಪದರ ಪದರ ತುಂಬಿ, ಮೇಲೆ ಚಿಕ್ಕ ಚೇಂಬರ್ ಕಟ್ಟಿ ಮುಚ್ಚಳ ಹಾಕಿದೆವು. ನ್ಯೂಟ್ರಲ್ಲಿಗೂ ಅರ್ಥಿಗೂ ನಡುವೆ ಮೀಟರ್ ಹಿಡಿದರೆ ಎರಡು ಮೂರು ವೋಲ್ಟಿಗಿಂತ ಹೆಚ್ಚು ತೋರಿಸಬಾರದು, ಹತ್ತು ಹದಿನೈದು ತೋರಿಸಿದರೆ ಆ ಮನೆಯಲ್ಲಿ ಕೆಲಸ ಇದೆ ಅಂತ ಅರ್ಥ. ಬೇಸಿಗೆಯಲ್ಲಿ ವಾರಕ್ಕೊಂದು ಬಕೆಟ್ ನೀರು ಆ ಚೇಂಬರಿಗೆ ಹಾಕಿ. ತುಳಸಿಗೆ ಹಾಕುವಾಗಲೇ ಹಾಕಿದರೆ ನೆನಪಿರುತ್ತದೆ.

ಇನ್ನು ಪ್ಲಗ್ ಪಾಯಿಂಟು. ಗೀಸರ್ ಹಾಕಿದರೆ ಹದಿನೈದು ನಿಮಿಷ ಓಡುತ್ತದೆ. ಕಾರು ರಾತ್ರಿ ಹತ್ತಕ್ಕೆ ಹಾಕಿದರೆ ಬೆಳಿಗ್ಗೆ ಆರರ ತನಕ ಬಿಡದೆ 13, 14 ಆಂಪಿಯರ್ ಎಳೆಯುತ್ತದೆ. ಅದಕ್ಕೇ ಹತ್ತು ವರ್ಷ ಗೀಸರಿಗೆ ಏನೂ ಆಗದ ಸಾಕೆಟ್ಟು ಕಾರಿಗೆ ಹದಿನೈದು ದಿನದಲ್ಲಿ ಸುಟ್ಟು ಕರಕಲಾಗುವುದು. ಮೀಟರ್ ಬೋರ್ಡಿನಿಂದ ಕಾರಿಗೇ ಅಂತ ಬೇರೆ ಲೈನ್ ಎಳೆಸಿ, 4 ಸ್ಕ್ವೇರ್ ಎಂಎಂ ತಾಮ್ರದ ವೈರು, 20 ಆಂಪಿಯರ್ ಎಂಸಿಬಿ (ಲೋಡ್ ಹೆಚ್ಚಾದರೆ ತಾನೇ ಬೀಳುವ ಸ್ವಿಚ್ಚು), ಜೊತೆಗೆ 30 ಮಿಲಿಆಂಪಿಯರಿನ ಆರ್‌ಸಿಸಿಬಿ. ಅರ್ಥ್ ಲೀಕೇಜ್ ಆದರೆ ಕಣ್ಣು ಮಿಟುಕಿಸುವುದರೊಳಗೆ ಕಟ್ ಮಾಡುವುದು ಅದೇ, ಅದಕ್ಕೆ ಮಾತ್ರ ದುಡ್ಡು ಉಳಿಸಬೇಡಿ. ಎಕ್ಸ್‌ಟೆನ್ಷನ್ ಬಾಕ್ಸ್ ಅಂತೂ ಬೇಡವೇ ಬೇಡ. ಮೊದಲ ದಿನ ಒಂದು ಗಂಟೆ ಚಾರ್ಜ್ ಆದ ಮೇಲೆ ಎಂಸಿಬಿ ಆಫ್ ಮಾಡಿ, ಪ್ಲಗ್ ಕಿತ್ತು ಅದರ ಮೈ ಮುಟ್ಟಿ ನೋಡಿ. ಬೆಚ್ಚಗಿದ್ದರೆ ಸರಿ. ಕಾಫಿ ಲೋಟದ ಹಾಗೆ ಸುಡುತ್ತಿದ್ದರೆ ಸಾಕೆಟ್ ಬದಲಾಯಿಸಿ.

ಶೋರೂಮಿನಲ್ಲಿ 7.2 ಕಿಲೋವ್ಯಾಟ್ ವಾಲ್ ಬಾಕ್ಸ್ ತೋರಿಸುತ್ತಾರೆ, ನೋಡಲು ಚಂದ. ನನಗೆ ಅದನ್ನು ಕೂರಿಸಿದರೆ ನಾಲ್ಕು ಕಾಸು ಹೆಚ್ಚು ಸಿಗುತ್ತದೆ, ಆದರೂ ಹೇಳುತ್ತೇನೆ, ಬಹಳ ಜನಕ್ಕೆ ಬೇಡ. ಅದು 32 ಆಂಪಿಯರ್ ಕೇಳುತ್ತದೆ. 3 ಕಿಲೋವ್ಯಾಟ್ ಮಂಜೂರಾತಿ ಇರುವ ಮನೆಗೆ ಲೋಡ್ ಹೆಚ್ಚಿಸಬೇಕು, ಮೂರು ಫೇಸ್ ತರಿಸಬೇಕು, ತಿಂಗಳ ನಿಗದಿತ ಶುಲ್ಕವೂ ಕಿಲೋವ್ಯಾಟ್ ಲೆಕ್ಕದಲ್ಲಿ ಏರುತ್ತದೆ. ಸಾದಾ ಪವರ್ ಪ್ಲಗ್ಗಿನಲ್ಲಿ ರಾತ್ರಿ ಹತ್ತು ಗಂಟೆಯಲ್ಲಿ ಹತ್ತಿರ ಹತ್ತಿರ 30 ಯೂನಿಟ್ ಹೋಗುತ್ತದೆ, ಅದು 180, 200 ಕಿ.ಮೀ.ಗೆ ಸಾಕು. ದಿನಾ ಇನ್ನೂರು ಕಿ.ಮೀ. ಓಡಿಸುವವರು ಮಾತ್ರ ವಾಲ್ ಬಾಕ್ಸ್ ಯೋಚಿಸಿ.

ಬಾಡಿಗೆ ಮನೆಯವರು, ಅಪಾರ್ಟ್‌ಮೆಂಟಿನವರು: ಓನರ್ ಅಥವಾ ಸಂಘದವರು ನಿಮ್ಮ ಮೀಟರಿನಿಂದ ನಿಮ್ಮ ಪಾರ್ಕಿಂಗ್ ಜಾಗಕ್ಕೆ ಲೈನ್ ಎಳೆಯಲು ಒಪ್ಪಿದರಾ? ಬಾಯಿಮಾತಿನಲ್ಲಲ್ಲ, ಕಾಗದದಲ್ಲಿ. ಒಪ್ಪದಿದ್ದರೆ ಎಲೆಕ್ಟ್ರಿಕ್ ಕಾರಿನ ಮಾತು ಅಲ್ಲಿಗೇ ಬಿಡಿ. ಪಬ್ಲಿಕ್ ಚಾರ್ಜರ್ ನಂಬಿಕೊಂಡು ಕಾರು ಕೊಳ್ಳುವುದು ಪಕ್ಕದ ಮನೆ ಬಾವಿ ನಂಬಿಕೊಂಡು ಮದುವೆ ಅಡುಗೆಗೆ ಒಲೆ ಹಚ್ಚಿದ ಹಾಗೆ.

ಗೃಹಜ್ಯೋತಿ ಮರೆತು ಲೆಕ್ಕ ಹಾಕಬೇಡಿ

ಬ್ಯಾಟರಿಗೆ ಕಿಲೋವ್ಯಾಟ್ ಅವರ್ ಅಂತ ಬರೆದಿರುತ್ತಾರೆ. ಗಾಬರಿ ಬೇಡ, ಕೆಇಬಿ ಬಿಲ್ಲಿನ ಯೂನಿಟ್ಟೇ ಅದು. 40 ಯೂನಿಟ್ ಬ್ಯಾಟರಿ ಅಂದರೆ 40 ಯೂನಿಟ್ ಹಿಡಿಯುವ ಡ್ರಮ್ಮು. ತುಂಬಿಸುವಾಗ ನೂರಕ್ಕೆ ಹತ್ತು ಹನ್ನೆರಡು ಭಾಗ ಬಿಸಿಯಾಗಿ ಸೋರಿಹೋಗುತ್ತದೆ, ಹಾಗಾಗಿ ಮೀಟರಿನಲ್ಲಿ 45ರ ಹತ್ತಿರ ಓಡುತ್ತದೆ.

ನನ್ನ ಅನುಭವದಲ್ಲಿ ಊರು, ಹೆದ್ದಾರಿ ಎಲ್ಲ ಸೇರಿ 100 ಕಿ.ಮೀ.ಗೆ ಮೀಟರಿನಲ್ಲಿ 15 ಯೂನಿಟ್. ತೆರಿಗೆ, ಸರ್ಚಾರ್ಜು ಎಲ್ಲ ಸೇರಿಸಿ ಯೂನಿಟ್ಟಿಗೆ 7 ರೂಪಾಯಿ ಹಿಡಿದರೂ ಕಿ.ಮೀ.ಗೆ ಒಂದು ರೂಪಾಯಿ ಚಿಲ್ಲರೆ. ಸೇಲ್ಸ್ ಹುಡುಗರು ಹೇಳುವ ಲೆಕ್ಕವೂ ಇದೇ. ಇಲ್ಲಿಯ ತನಕ ಅವರು ಸುಳ್ಳು ಹೇಳುವುದಿಲ್ಲ.

ಹೇಳದೆ ಬಿಡುವುದು ಗೃಹಜ್ಯೋತಿ. 2023ರಿಂದ ನಮ್ಮಲ್ಲಿ ತಿಂಗಳಿಗೆ 200 ಯೂನಿಟ್ ಒಳಗಿನ ಮನೆಗಳಿಗೆ ಹಳೇ ಸರಾಸರಿಯ ಮೇಲೆ ಹತ್ತು ಪರ್ಸೆಂಟ್ ಸೇರಿಸಿ ಬಿಲ್ಲು ಮಾಫಿ ಇದೆ. 200 ದಾಟಿದರೆ ಪೂರ್ತಿ ಬಿಲ್ಲು ನಿಮ್ಮ ತಲೆಗೆ. ನಿಮ್ಮ ಮನೆ 130 ಯೂನಿಟ್ ಉರಿಸಿ ಸೊನ್ನೆ ಬಿಲ್ಲು ಕಟ್ಟುತ್ತಿದೆ ಅಂತಿಟ್ಟುಕೊಳ್ಳಿ. ಕಾರು ತಿಂಗಳಿಗೆ 1,000 ಕಿ.ಮೀ. ಓಡಿ 150 ಯೂನಿಟ್ ಕುಡಿಯಿತು. ಒಟ್ಟು 280 ಆಯಿತು. ಈಗ 280ಕ್ಕೂ ದುಡ್ಡು, ಮೇಲೆ ನಿಗದಿತ ಶುಲ್ಕ. ಹೆಚ್ಚೂ ಕಮ್ಮಿ 2,400 ರೂಪಾಯಿ. ಕಿ.ಮೀ.ಗೆ ಒಂದು ರೂಪಾಯಿ ಅಂದುಕೊಂಡದ್ದು ಎರಡೂವರೆ ಹತ್ತಿರ ಹೋಯಿತು.

ಹಾಗಂತ ನಷ್ಟವೇನೂ ಇಲ್ಲ. ಲೀಟರಿಗೆ 16 ಕಿ.ಮೀ. ಕೊಡುವ ಪೆಟ್ರೋಲ್ ಗಾಡಿ ಅದೇ 1,000 ಕಿ.ಮೀ.ಗೆ 6,400 ರೂಪಾಯಿ ತಿನ್ನುತ್ತದೆ, 22 ಕೊಡುವ ಹೈಬ್ರಿಡ್ 4,700. ಆದರೆ ಉಳಿಯುವುದು ತಿಂಗಳಿಗೆ 4,000, ಸೇಲ್ಸ್ ಹುಡುಗ ಹೇಳಿದ 5,300 ಅಲ್ಲ. ಕಾರಿನ ಬೆಲೆಯಲ್ಲಿ 3 ಲಕ್ಷ ವ್ಯತ್ಯಾಸ ಇದ್ದರೆ ಅದು ತೀರಲು ಆರು ವರ್ಷದ ಮೇಲೆ ಬೇಕು. ತಿಂಗಳಿಗೆ 400 ಕಿ.ಮೀ. ಕೂಡ ಓಡಿಸದ ರಿಟೈರ್ಡ್ ಮೇಷ್ಟ್ರು ಒಬ್ಬರು ಈ ಲೆಕ್ಕ ಕೇಳಿ ಹಳೇ ಪೆಟ್ರೋಲ್ ಗಾಡಿಗೇ ಹೊಸ ಟೈರ್ ಹಾಕಿಸಿಕೊಂಡರು. ನನ್ನ ಒಂದು ಪಾಯಿಂಟಿನ ಕೆಲಸ ಹೋಯಿತು, ಇರಲಿ.

ಈ ಬಿಲ್ಲಿನ ಹೊರೆ ಇಳಿಸಲು ದಾರಿ ಎರಡಿವೆ. ಕಾರಿಗೇ ಬೇರೆ ಆರ್.ಆರ್. ನಂಬರಿನ ಮೀಟರ್ ಕೇಳಿ, ಚಾರ್ಜಿಂಗಿಗೆ ದರಪಟ್ಟಿಯಲ್ಲೇ ಬೇರೆ ವರ್ಗ ಇದೆ. ಮನೆಯ ಗೃಹಜ್ಯೋತಿ ಮುಟ್ಟಬೇಕಾಗುವುದಿಲ್ಲ. ಅರ್ಜಿ ಹಾಕುವ ಮುಂಚೆ ನಿಮ್ಮ ಸೆಕ್ಷನ್ ಆಫೀಸಿಗೆ ಹೋಗಿ ಖರ್ಚು, ಡಿಪಾಸಿಟ್ ಎಷ್ಟಾಗುತ್ತದೆ ಅಂತ ಬಾಯಿಬಿಟ್ಟು ಕೇಳಿ. ಇನ್ನೊಂದು ಸೋಲಾರ್. 2024ರಲ್ಲಿ ಶುರುವಾದ ಕೇಂದ್ರ ಸರ್ಕಾರದ ಪಿಎಂ ಸೂರ್ಯ ಘರ್ ಯೋಜನೆಯಲ್ಲಿ 3 ಕಿಲೋವ್ಯಾಟಿಗೆ 78,000 ರೂಪಾಯಿ ಸಬ್ಸಿಡಿ. ನಮ್ಮ ಬಿಸಿಲಿಗೆ ದಿನಕ್ಕೆ 11, 12 ಯೂನಿಟ್ ಕೊಡುತ್ತದೆ. ಸೊನ್ನೆ ಬಿಲ್ಲು ಬರುವ ಮನೆಗೆ ಸೋಲಾರ್ ಯಾಕೆ ಅಂತ ಕೇಳುತ್ತಿದ್ದವರಿಗೆ ಕಾರು ಬಂದ ಮೇಲೆ ಉತ್ತರ ತಾನೇ ಸಿಗುತ್ತದೆ.

ತೆರಿಗೆ ವಿಚಾರ ಚುಟುಕಾಗಿ. ಎಲೆಕ್ಟ್ರಿಕ್ ಕಾರಿಗೆ ಜಿಎಸ್‌ಟಿ 5 ಪರ್ಸೆಂಟ್. ನಾಲ್ಕು ಮೀಟರಿಗಿಂತ ಉದ್ದದ ಹೈಬ್ರಿಡ್‌ಗೆ 2025ರ ಸೆಪ್ಟೆಂಬರ್ 22ರಿಂದ 40. ಹೈಬ್ರಿಡ್ ಬೆಲೆ ಕೇಳಿ ಬೆವರುವುದು ಅದಕ್ಕೇ. ರಾಜ್ಯದ ಲೈಫ್ ಟ್ಯಾಕ್ಸ್ ವಿನಾಯಿತಿಯನ್ನು 25 ಲಕ್ಷ ಮೀರಿದ ಎಲೆಕ್ಟ್ರಿಕ್ ಕಾರುಗಳಿಗೆ 2024ರಲ್ಲಿ ತೆಗೆದು 10 ಪರ್ಸೆಂಟ್ ಹಾಕಿದರು. ಸರ್ಕಾರಗಳು ಇದನ್ನು ಆಗಾಗ ತಿದ್ದುತ್ತವೆ, ಆನ್‌ರೋಡ್ ಬೆಲೆಯನ್ನು ಬಿಡಿಬಿಡಿಯಾಗಿ ಬರೆಸಿಕೊಳ್ಳಿ. ಥರ್ಡ್ ಪಾರ್ಟಿ ಇನ್ಶೂರೆನ್ಸಿನಲ್ಲಿ ಎಲೆಕ್ಟ್ರಿಕ್‌ಗೆ 15, ಹೈಬ್ರಿಡ್‌ಗೆ ಏಳೂವರೆ ಪರ್ಸೆಂಟ್ ರಿಯಾಯಿತಿ 2022ರಿಂದ ಇದೆ, ಕೇಳಿ ಹಾಕಿಸಿಕೊಳ್ಳಿ. ಎಲೆಕ್ಟ್ರಿಕ್ ಕಾರಿನ ಸಾಲದ ಬಡ್ಡಿಗೆ ಇನ್‌ಕಮ್ ಟ್ಯಾಕ್ಸಿನಲ್ಲಿ ಒಂದೂವರೆ ಲಕ್ಷ ವಿನಾಯಿತಿ ಸಿಗುತ್ತದೆ ಅಂತ ಇವತ್ತಿಗೂ ಹೇಳುವವರಿದ್ದಾರೆ. ಅದು 2023ರ ಮಾರ್ಚ್ 31ರ ಒಳಗೆ ಮಂಜೂರಾದ ಸಾಲಕ್ಕೆ ಮಾತ್ರ, ಹೊಸ ಸಾಲಕ್ಕೆ ಮುಗಿದುಹೋದ ಕಥೆ.

ನನ್ನ ಭಾಮೈದನ ಕೇಸು

ಭಾಮೈದ ಇರುವುದು ಕೆ.ಆರ್. ಪೇಟೆ ಕಡೆಯ ಹಳ್ಳಿ. ಬೆಲ್ಲದ ವ್ಯಾಪಾರ. ಟಿಸಿಯಿಂದ, ಅಂದರೆ ಟ್ರಾನ್ಸ್‌ಫಾರ್ಮರಿನಿಂದ ಎಳೆದ ಲೈನಿನ ಕಟ್ಟಕಡೆಯ ಕಂಬದ ಮನೆ ಅವನದು. "ಬಾವ, ನಿಮ್ಮಂಗೆ ನಾನೂ ಕರೆಂಟ್ ಕಾರೇ ತಗತೀನಿ" ಅಂತ ಹಟ. ಸಂಜೆ ಏಳಕ್ಕೆ ಅವನ ಮನೆಗೆ ಹೋಗಿ ಮೀಟರ್ ಹಿಡಿದೆ, 178 ವೋಲ್ಟ್. ಗ್ರೈಂಡರ್ ಹಾಕಿದರೆ 170. ಫ್ಯಾನು ಯೋಚನೆ ಮಾಡಿಕೊಂಡು ತಿರುಗುತ್ತಿತ್ತು. ಇಷ್ಟು ವೋಲ್ಟೇಜಿಗೆ ಕಾರಿನ ಚಾರ್ಜರ್ ನಿಂತೇ ಹೋಗುತ್ತದೆ, ಇಲ್ಲವೇ ಆಮೆ ಥರ ತುಂಬಿಸುತ್ತದೆ. ರಾತ್ರಿ ಹನ್ನೊಂದರ ಮೇಲೆ 210 ಬರುತ್ತಿತ್ತು, ಆದರೆ ಕರೆಂಟೇ ಇಲ್ಲದ ರಾತ್ರಿಗಳೂ ಇವೆ. ಮೇಲಾಗಿ ಅವನ ಓಡಾಟ ಗೊತ್ತುಗುರಿ ಇಲ್ಲದ್ದು. ಬೆಳಿಗ್ಗೆ ಫೋನ್ ಬಂದರೆ ಮಧ್ಯಾಹ್ನ ದಾವಣಗೆರೆ, ಅಲ್ಲಿಂದ ಹುಬ್ಬಳ್ಳಿ.

ಅವನಿಗೆ ಹೈಬ್ರಿಡ್ ಕೊಡಿಸಿದೆ. ಇಲ್ಲಿ ಒಂದು ಮಾತು ಹುಷಾರು. ಹೈಬ್ರಿಡ್ ಅಂತ ಬೋರ್ಡ್ ಹಾಕಿದ್ದೆಲ್ಲ ಹೈಬ್ರಿಡ್ ಅಲ್ಲ. ಮೈಲ್ಡ್, ಸ್ಮಾರ್ಟ್ ಅಂತ ಹೆಸರಿಡುವ ಗಾಡಿಗಳಲ್ಲಿ ಆಲ್ಟರ್ನೇಟರ್ (ಡೈನಮೋ) ಜಾಗದಲ್ಲಿ ಒಂದು ಚಿಕ್ಕ ಮೋಟಾರು ಇಂಜಿನ್ನಿಗೆ ಬೆನ್ನು ತಟ್ಟುತ್ತದೆ, ಅಷ್ಟೆ. ಶೋರೂಮಿನಲ್ಲಿ ಒಂದೇ ಪ್ರಶ್ನೆ ಕೇಳಿ: "ಪೆಟ್ರೋಲ್ ಇಂಜಿನ್ ಆಫ್ ಆಗಿ ಗಾಡಿ ಬರೀ ಮೋಟಾರಲ್ಲಿ ಮುಂದಕ್ಕೆ ಹೋಗುತ್ತಾ?" ಹೋಗುತ್ತದೆ ಅಂದರೆ ಸ್ಟ್ರಾಂಗ್ ಹೈಬ್ರಿಡ್. ಟೊಯೊಟಾ ಹೈರೈಡರ್, ಮಾರುತಿ ಗ್ರ್ಯಾಂಡ್ ವಿಟಾರಾ, ಇನ್ನೋವಾ ಹೈಕ್ರಾಸ್ ಈ ಜಾತಿ. ಮೂರೂ ನಮ್ಮ ಬಿಡದಿಯಲ್ಲೇ ತಯಾರಾಗುವ ಗಾಡಿಗಳು. ಆದರೆ ಮೊದಲಿನ ಎರಡರಲ್ಲಿ ಮೈಲ್ಡ್ ಅವತಾರವೂ ಸಿಗುತ್ತದೆ, ಯಾವುದಕ್ಕೆ ಬಿಲ್ಲು ಹಾಕುತ್ತಿದ್ದಾರೆ ನೋಡಿಕೊಳ್ಳಿ. ಹೈರೈಡರ್ ಬ್ಯಾಟರಿ ಒಂದು ಯೂನಿಟ್ ಕೂಡ ಇಲ್ಲ, ಮುಕ್ಕಾಲು ಯೂನಿಟ್ ಅಷ್ಟೆ. ಅದಕ್ಕೆ ಪ್ಲಗ್ ಬೇಡ, ಬ್ರೇಕ್ ಹಾಕಿದಾಗ, ಇಂಜಿನ್ ಓಡುವಾಗ ತಾನೇ ತುಂಬಿಕೊಳ್ಳುತ್ತದೆ. ಕಂಪನಿ ಕಾಗದದಲ್ಲಿ ಲೀಟರಿಗೆ 27.97 ಕಿ.ಮೀ. ಅಂತ ಬರೆದಿದ್ದರು. ಭಾಮೈದನಿಗೆ ಊರೊಳಗೆ 24, ಹೆದ್ದಾರಿಯಲ್ಲಿ ನೂರರಲ್ಲಿ ಓಡಿಸಿದರೆ 19 ಬರುತ್ತಿದೆ. ಪೆಟ್ರೋಲ್ ಗಾಡಿ ಹೆದ್ದಾರಿಯಲ್ಲಿ ಹೆಚ್ಚು ಕೊಡುತ್ತದೆ, ಹೈಬ್ರಿಡ್ ಟ್ರಾಫಿಕ್ಕಿನಲ್ಲಿ ಹೆಚ್ಚು ಕೊಡುತ್ತದೆ. ಪದೇ ಪದೇ ಬ್ರೇಕ್ ಹಾಕುವ ಕಡೆಯಲ್ಲೇ ಅದಕ್ಕೆ ಊಟ.

ಕೆಲವು ಹೈಬ್ರಿಡ್‌ಗಳಲ್ಲಿ ಹಿಂದಿನ ಸೀಟಿನ ಪಕ್ಕ ಜಾಲರಿ ಇರುತ್ತದೆ, ಬ್ಯಾಟರಿ ಅಲ್ಲಿಂದ ಗಾಳಿ ಎಳೆದುಕೊಳ್ಳುತ್ತದೆ. ಭಾಮೈದ ಅದರ ಮೇಲೆ ಬೆಲ್ಲದ ಸ್ಯಾಂಪಲ್ಲಿನ ಚೀಲ ಒತ್ತರಿಸಿ ಇಡುತ್ತಿದ್ದ. ಬೈದು ತೆಗೆಸಿದೆ. ಆ ಜಾಲರಿ ಮುಚ್ಚಿದರೆ ಬ್ಯಾಟರಿ ಬೇಯುತ್ತದೆ. ಡಿಕ್ಕಿಯೂ ಸ್ವಲ್ಪ ಚಿಕ್ಕದು, ಎರಡು ಸೂಟ್‌ಕೇಸ್ ತಗೊಂಡು ಹೋಗಿ ಶೋರೂಮಿನಲ್ಲೇ ಇಟ್ಟು ನೋಡಿ, ಯಾರೂ ನಗುವುದಿಲ್ಲ.

ಎಕ್ಸ್‌ಪ್ರೆಸ್ ಹೆದ್ದಾರಿಯ ಪಾಠ

2023ರ ಮಾರ್ಚಿನಲ್ಲಿ ಗೆಜ್ಜಲಗೆರೆಯಲ್ಲಿ ಉದ್ಘಾಟನೆ ಆದ ಬೆಂಗಳೂರು-ಮೈಸೂರು ರಸ್ತೆ ನಮಗೆ ಬೆಂಗಳೂರನ್ನು ಹತ್ತಿರ ಮಾಡಿತು, ಬ್ಯಾಟರಿಗೆ ದೂರ ಮಾಡಿತು. ಗಾಳಿ ತಡೆಯುವ ಬಲ ವೇಗದ ವರ್ಗದಷ್ಟು ಏರುತ್ತದೆ. 80ರಿಂದ 100ಕ್ಕೆ ಹೋದರೆ ಗಾಳಿಯ ಒತ್ತಡ ಒಂದೂವರೆ ಪಟ್ಟು. ನನ್ನ 40 ಯೂನಿಟ್ ಗಾಡಿ 80ರಲ್ಲಿ ಹೋದರೆ 300 ಕಿ.ಮೀ. ಎಳೆಯುತ್ತದೆ. 100ರಲ್ಲಿ, ಎ.ಸಿ. ಹಾಕಿಕೊಂಡು, ನಾಲ್ಕು ಜನ ಕೂತರೆ 240. ಕಾಗದದ ಮೇಲೆ ಕಂಪನಿ ಬರೆದ ಅಂಕಿಯನ್ನು ನೂರಕ್ಕೆ ಅರವತ್ತು ಅಂತ ಓದಿಕೊಳ್ಳಿ, ಬೇಜಾರಾಗುವುದು ತಪ್ಪುತ್ತದೆ.

ಮಂಡ್ಯದಿಂದ ಬೆಂಗಳೂರು ಏರು. ಸಮುದ್ರ ಮಟ್ಟದ ಲೆಕ್ಕದಲ್ಲಿ ಸುಮಾರು 240 ಮೀಟರ್ ಹತ್ತಬೇಕು. 1,600 ಕೆ.ಜಿ. ಗಾಡಿಗೆ ಅದು ಒಂದು ಯೂನಿಟ್ ಅಷ್ಟೆ, ವಾಪಸ್ ಬರುವಾಗ ಅದರಲ್ಲಿ ಮುಕ್ಕಾಲು ಪಾಲು ಸಿಗುತ್ತದೆ. ಊಟಿ ಬೇರೆ ಲೆಕ್ಕ. ಮೈಸೂರಿನಿಂದ ಹೆಚ್ಚುಕಮ್ಮಿ ಒಂದೂವರೆ ಸಾವಿರ ಮೀಟರ್ ಏರು, ಬರೀ ಹತ್ತುವುದಕ್ಕೇ ಆರು ಏಳು ಯೂನಿಟ್ ಹೋಗುತ್ತದೆ. ಬಂಡೀಪುರದಲ್ಲಿ ರಾತ್ರಿ ಒಂಬತ್ತರಿಂದ ಬೆಳಿಗ್ಗೆ ಆರರ ತನಕ ಗೇಟ್ ಹಾಕುವುದರಿಂದ ಗುಂಡ್ಲುಪೇಟೆಯಲ್ಲಿ ಚಾರ್ಜರಿಗೆ ಕ್ಯೂ ನಿಂತು ಹೊತ್ತು ಕಳೆದರೆ ಅಲ್ಲೇ ರೂಮು ಮಾಡಬೇಕಾದೀತು. ಮೈಸೂರಿನಲ್ಲೇ ತುಂಬಿಸಿಕೊಂಡು ಹೊರಡಿ. ಊಟಿಯಲ್ಲಿ ಮಾತ್ರ ನೂರಕ್ಕೆ ನೂರು ತುಂಬಿಸಿಕೊಂಡು ಘಾಟಿ ಇಳಿಯಬೇಡಿ. ತುಂಬಿದ ಬ್ಯಾಟರಿಗೆ ಇಳಿಜಾರಿನ ಕರೆಂಟ್ ಹಿಡಿಯಲು ಜಾಗ ಇರುವುದಿಲ್ಲ, ಮೋಟಾರು ಗಾಡಿ ತಡೆಯುವುದಿಲ್ಲ, ಎಲ್ಲ ಭಾರ ಬ್ರೇಕಿನ ಮೇಲೆ ಬೀಳುತ್ತದೆ. 85ಕ್ಕೆ ನಿಲ್ಲಿಸಿ.

ಹೆದ್ದಾರಿಯ ಮುಖ್ಯ ರಸ್ತೆ ಊರುಗಳನ್ನು ಬಿಟ್ಟು ಬೈಪಾಸಿನಲ್ಲಿ ಹೋಗುತ್ತದೆ. ಹೋಟೆಲು, ಚಾರ್ಜರು ಹೆಚ್ಚಾಗಿ ಇರುವುದು ಹಳೇ ರಸ್ತೆಯಲ್ಲಿ. ಮದ್ದೂರಿನಲ್ಲಿ ಇಳಿಯಬೇಕಾದ ಎಕ್ಸಿಟ್ ತಪ್ಪಿದರೆ ವಡೆಯೂ ಇಲ್ಲ ಕರೆಂಟೂ ಇಲ್ಲ. ಆದ್ದರಿಂದ 30 ಪರ್ಸೆಂಟ್ ಇರುವಾಗಲೇ ಎಲ್ಲಿ ಇಳಿಯುವುದು ಅಂತ ತೀರ್ಮಾನ ಮಾಡಿ, ಅಲ್ಲಿಗೆ ಒಂದು ಫೋನ್ ಹಾಕಿ. "ಮಿಷನ್ ಆನ್ ಐತಾ, ಯಾರಾದ್ರೂ ನಿಂತವ್ರಾ?" ಇಷ್ಟು ಕೇಳಿದರೆ ಸಾಕು. ಆ್ಯಪ್ ಹಸಿರು ತೋರಿಸಿದ ಕಡೆ ಹೋಗಿ, ಚಾರ್ಜಿಂಗ್ ಗನ್ನಿನ ಕುತ್ತಿಗೆಗೆ ಪ್ಲಾಸ್ಟಿಕ್ ಕವರ್ ಸುತ್ತಿಟ್ಟದ್ದನ್ನು ನೋಡಿ ವಾಪಸ್ ಬಂದಿದ್ದೇನೆ. ಎರಡು ಮೂರು ಆ್ಯಪುಗಳನ್ನು ಮನೆಯಲ್ಲೇ ಹಾಕಿಕೊಂಡು, ಒಂದೊಂದರಲ್ಲಿ ಇನ್ನೂರು ಮುನ್ನೂರು ಮಾತ್ರ ಇಡಿ. 80 ಪರ್ಸೆಂಟ್ ಆದ ಮೇಲೆ ವೇಗ ಇಳಿಯುತ್ತದೆ, ಹಿಂದೆ ಇನ್ನೊಬ್ಬರು ಕಾಯುತ್ತಿರುತ್ತಾರೆ, ತೆಗೆದುಬಿಡಿ.

ಸೆಕೆಂಡ್ ಹ್ಯಾಂಡ್ ತಗೊಳ್ಳುವವರಿಗೆ ನನ್ನ ಉಪಾಯ

ಬ್ಯಾಟರಿ ಹೋದರೆ ಏನು ಗತಿ ಅಂತ ಎಲ್ಲರೂ ಕೇಳುತ್ತಾರೆ. 2001ರಲ್ಲಿ ಬೆಂಗಳೂರಿನಿಂದಲೇ ಬಂದ ರೇವಾ ನೋಡಿದವರ ಭಯ ಇದು. ಅದರಲ್ಲಿದ್ದದ್ದು ಮನೆಯ ಯುಪಿಎಸ್‌ನ ಜಾತಿಯ ಸೀಸದ ಬ್ಯಾಟರಿ. ಈಗಿನದು ಲಿಥಿಯಂ. ಬಹುತೇಕ ಕಂಪನಿಗಳು ಬ್ಯಾಟರಿಗೆ 8 ವರ್ಷ ಅಥವಾ 1,60,000 ಕಿ.ಮೀ. ವಾರಂಟಿ ಕೊಡುತ್ತವೆ. ಆದರೆ ಎಷ್ಟು ಪರ್ಸೆಂಟಿಗೆ ಇಳಿದರೆ ಬದಲಾಯಿಸಿಕೊಡುತ್ತಾರೆ, ಎರಡನೇ ಓನರಿಗೂ ಅದು ನಡೆಯುತ್ತದಾ, ಎರಡನ್ನೂ ವಾರಂಟಿ ಪುಸ್ತಕದಲ್ಲೇ ಬೆರಳಿಟ್ಟು ಓದಿ.

ನನ್ನ ಗಾಡಿ ಮೈಸೂರು ವಿಜಯನಗರದವರದ್ದು, ಮೂರು ವರ್ಷ ಓಡಿತ್ತು. ಒಂದು ರಾತ್ರಿ ನಮ್ಮ ಮನೆಯಲ್ಲಿ ಬಿಡಿ ಅಂತ ಕೇಳಿಕೊಂಡೆ. ಪಾಪ, ಒಪ್ಪಿದರು. ಬಾಡಿಗೆ ಮನೆಗಳಿಗೆ ಹಾಕುತ್ತೇವಲ್ಲ, ಆ ಥರದ ಸಬ್ ಮೀಟರ್ ಒಂದನ್ನು ಚಾರ್ಜಿಂಗ್ ಲೈನಿಗೆ ಕೂರಿಸಿದೆ. ಬ್ಯಾಟರಿ 20 ಪರ್ಸೆಂಟ್ ಇರುವಾಗ ರೀಡಿಂಗ್ ಬರೆದುಕೊಂಡೆ. 80 ಆಗುವಾಗ ಅಲಾರಂ ಇಟ್ಟು ಎದ್ದು ಬಂದೆ, ಬೆಳಗಿನ ಜಾವ ನಾಲ್ಕೂಕಾಲು. ಮೀಟರಿನಲ್ಲಿ ಓಡಿದ್ದು 25 ಯೂನಿಟ್. ಸೋರಿಕೆ ಹನ್ನೆರಡು ಪರ್ಸೆಂಟ್ ಕಳೆದರೆ ಬ್ಯಾಟರಿಯೊಳಗೆ ಹೋದದ್ದು 22. ನೂರಕ್ಕೆ ಅರವತ್ತು ಭಾಗ 22 ಆದರೆ ಪೂರ್ತಿ ಹಿಡಿಯುವುದು 36, 37. ಹೊಸದರಲ್ಲಿ 40 ಇತ್ತು. ಮೂರು ವರ್ಷಕ್ಕೆ ಎಂಟು ಪರ್ಸೆಂಟ್ ಇಳಿದಿದೆ, ಪರವಾಗಿಲ್ಲ ಅಂತ ಅಡ್ವಾನ್ಸ್ ಕೊಟ್ಟೆ. ಓನರ್ ಒಪ್ಪಿದರೆ ನೀವೂ ಮಾಡಿ. ಸರ್ವಿಸ್ ಸೆಂಟರಿನಲ್ಲಿ ಕಂಪ್ಯೂಟರ್ ಹಾಕಿ ಬ್ಯಾಟರಿಯ ಆರೋಗ್ಯದ ರಿಪೋರ್ಟನ್ನೂ ಕೇಳಿ ತಗೊಳ್ಳಿ. ಎರಡೂ ಹತ್ತಿರ ಹತ್ತಿರ ಬಂದರೆ ನಂಬಬಹುದು.

ಬ್ಯಾಟರಿ ಎಲ್‌ಎಫ್‌ಪಿನಾ, ಎನ್‌ಎಂಸಿನಾ ಕೇಳಿಕೊಳ್ಳಿ, ಎರಡೂ ಲಿಥಿಯಂ ಬ್ಯಾಟರಿಯ ಬೇರೆ ಬೇರೆ ಜಾತಿ. ಎಲ್‌ಎಫ್‌ಪಿ ಬಿಸಿಲು ತಡೆಯುತ್ತದೆ, ಆಗಾಗ ನೂರರ ತನಕ ತುಂಬಿಸಿದರೂ ನಡೆಯುತ್ತದೆ. ಎನ್‌ಎಂಸಿಗೆ ದಿನಾ 80ಕ್ಕೆ ನಿಲ್ಲಿಸುವುದು ಒಳ್ಳೆಯದು. ಎರಡಕ್ಕೂ ಏಪ್ರಿಲ್ ಬಿಸಿಲಿನಲ್ಲಿ ಓಡಿ ಬಂದ ತಕ್ಷಣ ಫಾಸ್ಟ್ ಚಾರ್ಜ್ ಮಾಡುವುದು ಒಳ್ಳೆಯದಲ್ಲ.

ನಿಜವಾಗಿ ಕೆಡುವುದು ಏನು

ಮೋಟಾರು, ದೊಡ್ಡ ಬ್ಯಾಟರಿ ಸಾಮಾನ್ಯವಾಗಿ ಕೆಡುವುದಿಲ್ಲ. ನಾನು ನೋಡಿದ ಹಾಗೆ ಕೆಡುವುದು ಸಣ್ಣಪುಟ್ಟದ್ದು, ಕಾಯಿಸುವುದು ದೊಡ್ಡದು. ಒಂದು ಸೆನ್ಸರಿಗೆ ನನ್ನ ಗಾಡಿ ಸರ್ವಿಸ್ ಸೆಂಟರಿನಲ್ಲಿ 23 ದಿನ ನಿಂತಿತ್ತು, ಪಾರ್ಟ್ ಬಂದಿಲ್ಲ ಅಂತ. ಪೆಟ್ರೋಲ್ ಗಾಡಿಯಾದರೆ ಗುತ್ತಲು ರಸ್ತೆಯಲ್ಲಿ ಯಾರಾದರೂ ಮೆಕ್ಯಾನಿಕ್ ಏನೋ ಜುಗಾಡ್ ಮಾಡಿ ಓಡಿಸುತ್ತಿದ್ದ. ಇದಕ್ಕೆ ಅವನು ಕೈ ಹಾಕುವುದಿಲ್ಲ, ಹಾಕಲೂಬಾರದು. ಕಿತ್ತಳೆ ಬಣ್ಣದ ವೈರುಗಳಲ್ಲಿ ಮುನ್ನೂರು ವೋಲ್ಟಿನ ಮೇಲೆ ಡಿ.ಸಿ. ಇರುತ್ತದೆ, ನಾನೇ ಮುಟ್ಟುವುದಿಲ್ಲ. ಬುಕ್ ಮಾಡುವ ಮುಂಚೆ ಸರ್ವಿಸ್ ಸೆಂಟರಿನ ಗೇಟಿನಲ್ಲಿ ಅರ್ಧ ಗಂಟೆ ನಿಂತು, ಗಾಡಿ ಬಿಡಲು ಬಂದವರನ್ನು ಮಾತಾಡಿಸಿ. ಶೋರೂಮಿನ ಎ.ಸಿ. ಒಳಗೆ ಸಿಗದ ಸುದ್ದಿ ಅಲ್ಲಿ ಸಿಗುತ್ತದೆ.

ಕಬ್ಬಿನ ಗದ್ದೆ ಪಕ್ಕದ ಮನೆಯವರಿಗೆ ಇಲಿ ಕಾಟ. ಬಾನೆಟ್ ಒಳಗೆ ಹೊಗೆಸೊಪ್ಪಿನ ಗಂಟು ಕಟ್ಟಿಡುವುದು ಹಳೇ ಪದ್ಧತಿ, ನಾನೂ ಕಟ್ಟಿದ್ದೇನೆ. ತಿಂಗಳಿಗೊಮ್ಮೆ ಬದಲಾಯಿಸಿ. ಬ್ಯಾಟರಿ ತಳದಲ್ಲಿರುವುದರಿಂದ ಟೆಸ್ಟ್ ಡ್ರೈವಿನಲ್ಲಿ ಐದು ಜನ ಕೂತು ನಿಮ್ಮ ಬೀದಿಯ ಹಂಪ್ ದಾಟಿಸಿ, ತಳ ಉಜ್ಜುವ ಸದ್ದು ಬಂದರೆ ಆ ಗಾಡಿ ನಿಮ್ಮ ಬೀದಿಯದ್ದಲ್ಲ.

ಇನ್ನು ನನ್ನ ಮಾನ ಹೋದ ಕಥೆ. ಶ್ರೀರಂಗಪಟ್ಟಣದ ಹತ್ತಿರ ಒಂದು ಛತ್ರದಲ್ಲಿ ನೆಂಟರ ಮದುವೆ. ಊಟ ಮುಗಿಸಿ ಬಂದು ರಿಮೋಟ್ ಒತ್ತಿದರೆ ಕಾರು ಮಾತೇ ಆಡುತ್ತಿಲ್ಲ. ದೊಡ್ಡ ಬ್ಯಾಟರಿಯಲ್ಲಿ 70 ಪರ್ಸೆಂಟ್ ಇತ್ತು, ಬಂದಾಗಲೇ ನೋಡಿದ್ದೆ. ಸತ್ತಿದ್ದು ಮುಂದೆ ಇರುವ ಚಿಕ್ಕ 12 ವೋಲ್ಟ್ ಬ್ಯಾಟರಿ. ಎಲ್ಲ ಕಾರಿನಲ್ಲಿ ಇರುವಂಥದ್ದೇ. ದೊಡ್ಡ ಬ್ಯಾಟರಿಯ ಬಾಗಿಲು ತೆಗೆಯುವ ಕಾಂಟ್ಯಾಕ್ಟರು ಈ ಚಿಕ್ಕದರಿಂದ ಕೆಲಸ ಮಾಡುತ್ತದೆ. ಕಣಜದ ತುಂಬ ಭತ್ತ ಇದ್ದು ಬೀಗದ ಕೈ ಕಳೆದ ಹಾಗೆ. ನೆಂಟರೆಲ್ಲ ಸುತ್ತ ನಿಂತರು. "ಕರೆಂಟ್ ಕೆಲ್ಸದವ್ರ ಕಾರಲ್ಲೇ ಕರೆಂಟ್ ಇಲ್ವಂತೆ" ಅಂತ ಹೆಣ್ಣಿನ ಕಡೆಯ ಅಜ್ಜಿ ಒಬ್ಬರು ನಕ್ಕರು.

ಪಾತ್ರೆ ಸಾಗಿಸಲು ಬಂದ ಟ್ರ್ಯಾಕ್ಟರ್ ಅಲ್ಲೇ ನಿಂತಿತ್ತು, ಅದರ ಬ್ಯಾಟರಿಯೂ 12 ವೋಲ್ಟೇ. ಅದರ ಇಂಜಿನ್ ಆಫ್ ಮಾಡಿಸಿ, ಪ್ಲಸ್ಸಿಗೆ ಪ್ಲಸ್ಸು, ಮೈನಸ್ಸನ್ನು ಕಾರಿನ ಕಬ್ಬಿಣದ ಮೈಗೆ ಕೊಟ್ಟು ಎರಡು ನಿಮಿಷ ಹಿಡಿದೆ. ಕಾರು ಎದ್ದಿತು. ಒಮ್ಮೆ ಎದ್ದರೆ ಸಾಕು, ದೊಡ್ಡದು ಚಿಕ್ಕದನ್ನು ತುಂಬಿಸಿಕೊಳ್ಳುತ್ತದೆ. ನಿಮ್ಮ ಗಾಡಿಯ ಪುಸ್ತಕದಲ್ಲಿ ಹೇಗೆ ಮಾಡಬೇಕು ಅಂತ ಚಿತ್ರ ಇರುತ್ತದೆ, ಮೊದಲೇ ನೋಡಿಟ್ಟುಕೊಳ್ಳಿ. ಟ್ರ್ಯಾಕ್ಟರ್ ಹುಡುಗ ಬೀಡಿ ಹಚ್ಚಿಕೊಂಡು, "ಸಾ, ನಿಮ್ ಕಾರ್ಗೂ ಡೀಸಲ್ ಗಾಡಿನೇ ಬೇಕಾಯ್ತಲ್ಲ ಸಾ" ಅಂದ. ನೂರು ರೂಪಾಯಿ ಕೊಟ್ಟೆ, ತಗೊಳ್ಳಲಿಲ್ಲ.

ಆ ಚಿಕ್ಕ ಬ್ಯಾಟರಿ ಮೂರು ವರ್ಷ ದಾಟಿದರೆ ಕೆಡುವ ತನಕ ಕಾಯದೆ ಬದಲಾಯಿಸಿ. ಹೈಬ್ರಿಡ್‌ನಲ್ಲೂ ಇದೇ ಕಥೆ, ಅದರಲ್ಲೂ ಒಂದು ಇರುತ್ತದೆ. ಊರಿಗೆ ಹೋಗಿ ಹದಿನೈದು ದಿನ ಗಾಡಿ ನಿಲ್ಲಿಸುವವರು ಬರುವಷ್ಟರಲ್ಲಿ ಅದು ಸತ್ತಿರಬಹುದು. ಜಂಪರ್ ಕೇಬಲ್ ಒಂದು ತಗೊಂಡಿಡಿ. ಆದರೆ ಡಿಕ್ಕಿಯಲ್ಲಿ ಇಡಬೇಡಿ. 12 ವೋಲ್ಟ್ ಸತ್ತಾಗ ಎಷ್ಟೋ ಗಾಡಿಗಳಲ್ಲಿ ಡಿಕ್ಕಿಯೂ ತೆರೆಯುವುದಿಲ್ಲ. ಡ್ರೈವರ್ ಬಾಗಿಲಿಗೆ ರಿಮೋಟಿನೊಳಗೆ ಒಂದು ಕಬ್ಬಿಣದ ಕೀ ಅಡಗಿರುತ್ತದೆ, ಅದರಲ್ಲಿ ತೆಗೆದು ಕೈಗೆ ಸಿಗುವಂತೆ ಕೇಬಲ್ ಸೀಟಿನ ಕೆಳಗಿರಲಿ. ನನ್ನದು ಆವತ್ತು ಡಿಕ್ಕಿಯಲ್ಲಿತ್ತು. ಟ್ರ್ಯಾಕ್ಟರಿನವನ ಹತ್ತಿರ ಇದ್ದ ಪಂಪ್‌ಸೆಟ್ ವೈರಿನ ತುಂಡಿನಲ್ಲೇ ಕೆಲಸ ಮುಗಿಸಿದ್ದು.